ಬುಟ್ಟಿ ಏಳದ ವರ್ಷ: ಸಾಗರ ಸೀಮೆಯ ಒಂದು ಮನೆಯ ಭೂಮಿ ಹುಣ್ಣಿಮೆ (ಪ್ರಕರಣ ಅಧ್ಯಯನ)

2024ರ ಅಕ್ಟೋಬರ್ 17, ಗುರುವಾರ, ಆಶ್ವಯುಜ ಹುಣ್ಣಿಮೆ. ಮಲೆನಾಡಿನಲ್ಲಿ ಅಂದು ಭೂಮಿ ಹುಣ್ಣಿಮೆ, ಗದ್ದೆಗೆ ಬಯಕೆ ಉಣಿಸುವ ಹಬ್ಬ. ಸಾಗರ ತಾಲ್ಲೂಕಿನ ದೀವರ ಸಮುದಾಯದ ಒಂದು ಮನೆಯಿಂದ ಆ ಬೆಳಗಿನ ಜಾವ, ಪೂಜೆಯ ಸಾಮಾನು, ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಗದ್ದೆಗೆ ಹೋಗಲಿಲ್ಲ. ಮನೆಯಲ್ಲಿ ಸೂತಕವಿರಲಿಲ್ಲ, ಜಮೀನು ಮಾರಿರಲಿಲ್ಲ, ಯಾರೂ ಬೇರೆ ಮತಕ್ಕೆ ಹೋಗಿರಲಿಲ್ಲ. ಮನೆಯ ಹಿರಿಯಮ್ಮ ಸೊಸೆಯಾಗಿ ಆ ಮನೆ ಹೊಕ್ಕ ಮೇಲೆ ಹೀಗಾದದ್ದು ಅದೇ ಮೊದಲು. ಮರುವರ್ಷ, 2025ರ ಅಕ್ಟೋಬರ್ 7ರ ಮಂಗಳವಾರ, ಬುಟ್ಟಿ ಮತ್ತೆ ಎದ್ದಿತು. ಆದರೆ ಹಿಂದಿನ ಕ್ರಮದಲ್ಲಲ್ಲ. ಈ ಎರಡು ಹುಣ್ಣಿಮೆಗಳ ನಡುವಿನ ಸಂಗತಿಯೇ ಇಲ್ಲಿನ ವಿಷಯ.

ಮೊದಲೇ ಒಂದು ಮಾತು. ಇಲ್ಲಿ ಬರುವ ಮನೆ ಯಾವುದೋ ಒಂದು ನಿರ್ದಿಷ್ಟ ಮನೆಯಲ್ಲ. ಸಾಗರ, ಸೊರಬ, ಹೊಸನಗರ ಭಾಗದ ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಒಂದೇ ಸೂರಿನ ಕೆಳಗೆ ತಂದು ಹೆಣೆದದ್ದು. ಊರಿನ ಹೆಸರು, ಜನರ ಹೆಸರು ಹಾಕದಿರುವುದು ಅದಕ್ಕೇ. ತಾರೀಖು, ಕಾನೂನು, ಸರ್ಕಾರಿ ಯೋಜನೆಗಳ ಮಾತು ಮಾತ್ರ ಇದ್ದದ್ದು ಇದ್ದಂತೆ.

ಬುಟ್ಟಿ ಯಾಕೆ ಏಳಲಿಲ್ಲ ಎಂದು ಅಕ್ಕಪಕ್ಕದವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಈಗಿನವರಿಗೆ ಭಕ್ತಿ ಕಮ್ಮಿ. ಆದರೆ ಇದೇ ಮನೆಯವರು ಅದೇ ವರ್ಷ ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಎರಡು ಸಲ ಹೋಗಿಬಂದಿದ್ದರು. ಹೆಂಗಸರು ಸಂಘದವರ ಜೊತೆ ಧರ್ಮಸ್ಥಳ ನೋಡಿದ್ದರು. ಶ್ರಾವಣದಲ್ಲಿ ಪುರೋಹಿತರನ್ನು ಕರೆಸಿ ಸತ್ಯನಾರಾಯಣ ಕಥೆ ಮಾಡಿಸಿದ್ದರು. ಭಕ್ತಿ ಕಮ್ಮಿಯಾಗಿದ್ದರೆ ಇವೆಲ್ಲ ನಡೆಯುತ್ತಿರಲಿಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಬೇರೆ: ಅದೇ ಜನ, ಅದೇ ನಂಬಿಕೆ, ಒಂದು ಆಚರಣೆ ನಿಂತು ಇನ್ನೊಂದು ಬೆಳೆಯುವುದು ಯಾತಕ್ಕೆ?

ಹಬ್ಬ ಕೇಳುವ ದುಡಿಮೆ

ಭೂಮಿ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಭತ್ತ ಹೊಡೆಯಾಗಿರುತ್ತದೆ, ತೆನೆ ಹಾಲುಗಟ್ಟುತ್ತಿರುತ್ತದೆ. ಅಂದರೆ ಗದ್ದೆ ಬಸುರಿ. ಬಸುರಿಗೆ ಬಯಕೆ ಮಾಡಿ ಉಣಬಡಿಸುವುದೇ ಈ ಹಬ್ಬ. ಇದಕ್ಕೆ ದೇವಸ್ಥಾನ ಬೇಡ, ಪೂಜಾರಿ ಬೇಡ, ಮಂತ್ರ ಬೇಡ. ಬೇಕಾದದ್ದು ಗದ್ದೆ, ಎರಡು ಬುಟ್ಟಿ, ಒಂದು ರಾತ್ರಿಯ ಅಡುಗೆ.

ಕೆಲಸ ಶುರುವಾಗುವುದು ಹತ್ತಿರಹತ್ತಿರ ವಿಜಯದಶಮಿಯ ಹೊತ್ತಿಗೆ. ದೊಡ್ಡದು ಭೂಮಣ್ಣಿ ಬುಟ್ಟಿ: ಪೂಜೆಯ ಸಾಮಾನು, ಎಡೆ, ಎಲ್ಲರೂ ಗದ್ದೆಯಲ್ಲೇ ಕೂತು ಉಣ್ಣುವ ಅಡುಗೆ ಅದರಲ್ಲಿ ಹೋಗುತ್ತದೆ. ಚಿಕ್ಕದು ಹಚ್ಚಂಬಲಿ ಬುಟ್ಟಿ: ಗದ್ದೆಗೆ ಬೀರುವ ಸೊಪ್ಪಿನ ಅಡುಗೆ ಅದರಲ್ಲಿ. ಬಿದಿರಿನ ಬುಟ್ಟಿಗೆ ಮೊದಲು ಸೆಗಣಿ ಬಳಿದು ಹೆಣಿಗೆಯ ಸಂದು ಮುಚ್ಚಬೇಕು. ಅದು ಒಣಗಿದ ಮೇಲೆ ಕೆಮ್ಮಣ್ಣು. ಕೆಮ್ಮಣ್ಣೂ ಒಣಗಿದ ಮೇಲೆ, ನೆನೆಸಿ ನುಣ್ಣಗೆ ಅರೆದ ಅಕ್ಕಿಯಲ್ಲಿ ಚಿತ್ತಾರ. ಕುಂಚ ಪುಂಡಿನಾರಿನದು. ಕಪ್ಪು ಬೇಕಾದರೆ ಅಕ್ಕಿಯನ್ನು ಕರ್ರಗೆ ಹುರಿದು ಅರೆಯುತ್ತಾರೆ, ಹಳದಿಗೆ ಗುರಗಿ ಕಾಯಿ. ಏಣಿ, ಚಿಕ್ಕಿ, ಭತ್ತದ ಸಸಿ, ಜೋಗಿ ಜಡೆ: ಗೆರೆಗಳೆಲ್ಲ ಕೈ ನಡುಗದೆ ಒಂದೇ ದಪ್ಪದಲ್ಲಿ ಬರಬೇಕು.

ಕೆಡುವುದು ಬಹುತೇಕ ಒಣಗಿಸುವಲ್ಲಿ. ಅಕ್ಟೋಬರ್‌ನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸಂಜೆ ಗುಡುಗು ಮಳೆ ಮಾಮೂಲು. ಸೆಗಣಿಯ ಪದರ ಹಸಿಯಿದ್ದಾಗಲೇ ಕೆಮ್ಮಣ್ಣು ಬಳಿದರೆ ಎರಡೂ ಸೇರಿ ಬಿರುಕು ಬಿಡುತ್ತವೆ. ಅಕ್ಕಿ ಹಿಟ್ಟು ನೀರಾದರೆ ಗೆರೆ ಹರಿಯುತ್ತದೆ, ಗಟ್ಟಿಯಾದರೆ ಬುಟ್ಟಿ ತಲೆಗೇರಿಸುವ ಹೊತ್ತಿಗೆ ಉದುರುತ್ತದೆ. ಹೀಗಾಗಿ ಬುಟ್ಟಿಯೊಂದಕ್ಕೇ ದಿನಕ್ಕೆ ಒಂದೆರಡು ತಾಸಿನಂತೆ ನಾಲ್ಕೈದು ದಿನ ಬೇಕು. ಅದೂ ಬಿಸಿಲು ನೋಡಿ, ಮನೆಯಲ್ಲೇ ಇದ್ದು.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪು ಕೊಯ್ಯುವುದು. ಹಚ್ಚಂಬಲಿಗೆ ಬೇಲಿಯ ಮೇಲಿನದು, ಹಿತ್ತಲಿನದು, ಕಾಡಿನಂಚಿನದು ಎಂದು ಬಗೆಬಗೆಯ ಸೊಪ್ಪು ಬೇಕು. ಎಷ್ಟು ಬಗೆ ಎಂಬುದಕ್ಕೆ ಮನೆಮನೆಗೂ ಬೇರೆ ಲೆಕ್ಕ. ಈ ಮನೆಯ ಹಿರಿಯಮ್ಮನಿಗೆ ಇಪ್ಪತ್ತೈದರ ಮೇಲೆ ಗೊತ್ತು, ಹಿರಿಸೊಸೆಗೆ ಹತ್ತು ಹನ್ನೆರಡು, ಮೊಮ್ಮಗಳಿಗೆ ಆರು. ರಾತ್ರಿ ಊಟವಾದ ಮೇಲೆ ಒಲೆ ಹಚ್ಚಿದರೆ ಆರುವುದು ಜಾವಕ್ಕೆ. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು, ಅಮಟೆಕಾಯಿ ಪಲ್ಯ, ಪಾಯಸ, ಅನ್ನ. ಕಡುಬಿಗೇ ಐದು ಕೆ.ಜಿ. ಅಕ್ಕಿ. ಸೌತೆಕಾಯಿ ತುರಿದು, ರುಬ್ಬಿ, ಎಲೆಗೆ ತುಂಬಿ, ಸರದಿಯ ಮೇಲೆ ಬೇಯಿಸುವುದು ಒಬ್ಬರ ಕೈಯಲ್ಲಿ ಮುಗಿಯುವ ಮಾತಲ್ಲ. ನಾಲ್ಕು ಗಂಟೆ ಹೊತ್ತಿಗೆ ಮನೆಯೊಳಗೆ ಬುಟ್ಟಿಗೆ ಪೂಜೆ ಮಾಡಿ, ಗಂಡಸರು ತಲೆಗೇರಿಸಿಕೊಂಡು ಬೆಳಕು ಹಿಡಿದು ಹೊರಡುತ್ತಾರೆ. ಗದ್ದೆಯಲ್ಲಿ ನಾಲ್ಕು ಪೈರು ಕೂಡಿಸಿ ಕಟ್ಟಿ, ಹೂವು ಮುಡಿಸಿ, ತಾಳಿಸರ ಇಟ್ಟು ಪೂಜೆ. ಹಚ್ಚಂಬಲಿ ಬೀರುತ್ತಾ, ಭೂಮಿತಾಯಿಯನ್ನು ಉಣ್ಣಲು ಕರೆಯುತ್ತಾ ಗದ್ದೆ ಸುತ್ತುವುದು. ಒಂದು ಕಡುಬು ಮಣ್ಣಲ್ಲಿ ಹೂಳುವುದು, ಕೊಯ್ಲಿನ ದಿನ ಅದನ್ನು ತೆಗೆಯುವುದು. ಕಾಗೆಗೆ ಎಡೆ. ಆಮೇಲೆ ಮನೆಯವರೆಲ್ಲ ಬದುವಿನ ಮೇಲೆ ಕೂತು ಊಟ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆಚರಣೆಯೊಂದು ಯಾಕೆ ನಿಂತಿತು ಎಂದು ತಿಳಿಯಬೇಕಾದರೆ ಅದು ಎಷ್ಟು ಕೈ, ಎಷ್ಟು ಹೊತ್ತು, ಯಾವ ನೆಲ, ಯಾವ ಸಾಮಾನು ಬೇಡುತ್ತದೆ ಎಂಬ ಪಟ್ಟಿ ಮೊದಲು ಕೈಯಲ್ಲಿರಬೇಕು. ನಂಬಿಕೆ ಇದೆಯೇ ಎಂದು ಕೇಳಿದರೆ ಮಲೆನಾಡಿನಲ್ಲಿ ಇಲ್ಲ ಎನ್ನುವವರು ವಿರಳ. ಹೋದ ವರ್ಷ ಕಡುಬಿಗೆ ರುಬ್ಬಿದ್ದು ಯಾರು ಎಂದು ಕೇಳಿದರೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನೆಲ

ಈ ಮನೆಯ ಅಜ್ಜ ಗೇಣಿದಾರ. ಬೆಳೆದ ಭತ್ತದಲ್ಲಿ ಒಡೆಯರ ಪಾಲು ಅಳೆದು ಕೊಟ್ಟು ಉಳಿದದ್ದರಲ್ಲಿ ಬದುಕು. ಅಳೆಯುವ ಕೊಳಗದ ಗಾತ್ರದ ತಕರಾರೇ 1951ರ ಕಾಗೋಡು ಸತ್ಯಾಗ್ರಹದ ಕಿಡಿಗಳಲ್ಲಿ ಒಂದು, ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಈ ಸೀಮೆಯ ಮನೆಮಾತು. ನೆಲ ಒಡೆಯರದ್ದಾಗಿದ್ದಾಗಲೂ ಭೂಮಿ ಹುಣ್ಣಿಮೆ ಮಾಡುತ್ತಿದ್ದದ್ದು ಉಳುವವನೇ. ಗದ್ದೆಗೆ ಬಯಕೆ ಉಣಿಸುವುದು ಪಹಣಿಯಲ್ಲಿ ಹೆಸರಿದ್ದವರ ಕೆಲಸವಾಗಿರಲಿಲ್ಲ, ಕೆಸರಿಗಿಳಿದವರ ಕೆಲಸವಾಗಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ, ಉಳುವವನಿಗೇ ನೆಲ ಕೊಡುವ ಭೂಸುಧಾರಣಾ ತಿದ್ದುಪಡಿಯಲ್ಲಿ ಅಜ್ಜ ಡಿಕ್ಲರೇಷನ್ (ಹಕ್ಕು ಕೋರುವ ಅರ್ಜಿ) ಹಾಕಿದರು. ನಮೂನೆ 7, ಭೂ ನ್ಯಾಯಮಂಡಳಿ, ವರ್ಷಗಟ್ಟಲೆ ಓಡಾಟ. ಕೊನೆಗೆ ಎರಡೂಕಾಲು ಎಕರೆ ಕೈಗೆ ಬಂತು. ಹಬ್ಬ ಅತ್ಯಂತ ಗಟ್ಟಿಯಾಗಿ ನಡೆದದ್ದು ಆ ನಂತರದ ಇಪ್ಪತ್ತು ವರ್ಷ. ಬೆಳೆ ಪೂರ್ತಿ ತಮ್ಮದು, ಕಡುಬಿಗೆ ಅಕ್ಕಿ ಎಣಿಸಬೇಕಿಲ್ಲ, ನೆಂಟರನ್ನು ಕರೆದು ಉಣಬಡಿಸುವಷ್ಟು ಅನುಕೂಲ. ಸ್ವಂತ ಹೊಲದಲ್ಲಿ ನಿಂತು ಹಚ್ಚಂಬಲಿ ಬೀರುವುದರಲ್ಲಿ ಒಂದು ಘನತೆಯೂ ಇತ್ತು.

ಆ ಮೇಲೆ ಅಡಿಕೆ. ಭತ್ತಕ್ಕೆ ಆಳು ಸಿಗದು, ಸಿಕ್ಕರೂ ಕೂಲಿ ಗಿಟ್ಟದು. ಅಡಿಕೆ ಕೈ ಹಿಡಿಯುತ್ತದೆ ಎಂಬ ಲೆಕ್ಕ ತಪ್ಪಲ್ಲ. ಬಸಿಗಾಲುವೆ ತೆಗೆದು, ಮಣ್ಣು ಏರಿಸಿ ಗದ್ದೆ ಬಯಲು ತೋಟವಾಯಿತು. 2024ರ ಹೊತ್ತಿಗೆ ಈ ಮನೆಯಲ್ಲಿ ಉಳಿದಿದ್ದ ಗದ್ದೆ ಹತ್ತು ಗುಂಟೆ, ಅದೂ ತಗ್ಗಿನಲ್ಲಿ ನೀರು ನಿಲ್ಲುತ್ತದೆ ಎಂಬ ಕಾರಣಕ್ಕೆ. ಬಯಕೆ ಹಬ್ಬಕ್ಕೆ ಬಸುರಿ ಪೈರೇ ಇಲ್ಲದಾದರೆ ಏನು ಮಾಡುವುದು? ಹಲವರು ಅಡಿಕೆ ಮರಕ್ಕೆ ಸೀರೆ ಸುತ್ತಿ, ಬುಡದಲ್ಲಿ ಎಡೆ ಇಟ್ಟು ಮುಗಿಸುತ್ತಾರೆ. ಅದು ಹೊಂದಿಕೊಂಡ ಬಗೆ, ಅದರಲ್ಲಿ ತಪ್ಪು ಹುಡುಕುವುದು ಸಲ್ಲ. ಆದರೆ ಅಡಿಕೆಯ ಕಾಲಮಾನವೇ ಬೇರೆ. ಹುಣ್ಣಿಮೆಯ ಹೊತ್ತಿಗೆ ಅಡಿಕೆಯವರಿಗೆ ಕೊನೆ (ಅಡಿಕೆ ಗೊನೆ) ಕೊಯ್ಲಿನ ತಲೆಬಿಸಿ: ಕೊನೆಗಾರರನ್ನು ಹಿಡಿಯುವುದು, ಸುಲಿಯುವವರಿಗೆ ಹೇಳಿಡುವುದು, ಒಣಗಿಸುವ ಅಂಗಳ, ಅಟ್ಟ ಸರಿಮಾಡುವುದು. ಭತ್ತದವರಿಗೆ ಅದು ಕಾಯುವ ಸಮಯವಾಗಿತ್ತು, ಕೈ ಬಿಡುವಾಗಿರುತ್ತಿತ್ತು. ಬೆಳೆ ಬದಲಾದಾಗ ಹಬ್ಬಕ್ಕಿದ್ದ ಬಿಡುವೂ ಹೋಯಿತು.

ಕೈ ಲೆಕ್ಕ

ಎಪ್ಪತ್ತರ ದಶಕದಲ್ಲಿ ಈ ಮನೆಯಲ್ಲಿ ದುಡಿಯುವ ಹೆಂಗಸರು ಐದು ಜನ: ಅತ್ತೆ, ಮೂವರು ಸೊಸೆಯಂದಿರು, ಮದುವೆಯಾಗದ ಮಗಳು. ಪಾಲಾದ ಮೇಲೆ ಹಿರಿಮನೆಯಲ್ಲಿ ಉಳಿದದ್ದು ಹಿರಿಯಮ್ಮ ಮತ್ತು ಹಿರಿಸೊಸೆ. ಮೊಮ್ಮಗಳು ಸಾಗರದಲ್ಲಿ ಪದವಿ ಓದುತ್ತಾಳೆ. ಕಿರಿಮಗ, ಕಿರಿಸೊಸೆ ಬೆಂಗಳೂರಿನಲ್ಲಿ ಖಾಸಗಿ ಕಂಪನಿ ಕೆಲಸದಲ್ಲಿದ್ದಾರೆ.

2024ರಲ್ಲಿ ಹಿರಿಯಮ್ಮನಿಗೆ ಮಂಡಿನೋವು, ನೆಲಕ್ಕೆ ಕೂರಲಾಗದು. ಹುಣ್ಣಿಮೆಯ ಹಿಂದಿನ ದಿನ ಹಿರಿಸೊಸೆ ಮುಟ್ಟಾದರು. ಮೊಮ್ಮಗಳಿಗೆ ಪರೀಕ್ಷೆ, ಹಾಸ್ಟೆಲ್‌ನಲ್ಲಿ. ಬುಟ್ಟಿ ಮುಟ್ಟುವವರೇ ಇಲ್ಲ.

ಇಲ್ಲಿ ನಿಂತು ನೋಡಬೇಕು. ಮುಟ್ಟಿನ ಮಡಿ ಹೊಸದಲ್ಲ, ಹಿಂದೆಯೂ ಇತ್ತು, ಇನ್ನೂ ಬಿಗಿಯಾಗಿತ್ತು. ಆದರೆ ಐದು ಹೆಂಗಸರಿದ್ದ ಮನೆಯಲ್ಲಿ ಒಬ್ಬರು ಹೊರಗೆ ಕೂತರೆ ನಾಲ್ವರು ಒಲೆ ಮುಂದೆ ಇರುತ್ತಿದ್ದರು. ನಿಯಮ ಹಬ್ಬವನ್ನು ನಿಲ್ಲಿಸುತ್ತಿರಲಿಲ್ಲ. ಒಬ್ಬರೇ ಇರುವ ಮನೆಯಲ್ಲಿ ಅದೇ ನಿಯಮ ಹಬ್ಬವನ್ನೇ ನಿಲ್ಲಿಸುತ್ತದೆ. ನಂಬಿಕೆ ಕೂದಲೆಳೆಯಷ್ಟೂ ಬದಲಾಗದೆ ಇದ್ದರೂ ಕುಟುಂಬದ ಗಾತ್ರ ಬದಲಾದದ್ದಕ್ಕೇ ಆಚರಣೆ ಮುರಿದುಬಿತ್ತು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕದ ಸಂಗತಿ ಇದೇ ಎಂಬುದು ನಮ್ಮ ಅಭಿಪ್ರಾಯ. ಹಬ್ಬ ಗಂಡಸರ ತಲೆಯ ಮೇಲೆ ಹೋಗುತ್ತದೆ, ನಿಜ. ನಿಂತಿರುವುದು ಮಾತ್ರ ಹೆಂಗಸರ ಕೈಗಳ ಮೇಲೆ. ಆ ಕೈಗಳ ಲೆಕ್ಕ ಹಿಡಿಯದೆ ಮಲೆನಾಡಿನ ಧಾರ್ಮಿಕ ಬದುಕಿನ ಬಗ್ಗೆ ಬರೆದದ್ದು ಅರ್ಧ ಬರಹ.

ಕೊಟ್ಟಿಗೆಯ ಮಾತೂ ಇದಕ್ಕೇ ಸೇರಿದ್ದು. ಹಸು ಮಾರಿ ಮೂರು ವರ್ಷವಾಗಿತ್ತು. ಹುಲ್ಲು ತರುವವರಿಲ್ಲ, ಹಾಲು ಪ್ಯಾಕೆಟ್‌ನಲ್ಲಿ ಬರುತ್ತದೆ. ಬುಟ್ಟಿಗೆ ಬಳಿಯಲು ಸೆಗಣಿಯನ್ನು ಪಕ್ಕದ ಮನೆಯಿಂದ ಕೇಳಿ ತರಬೇಕು. ಚಿಕ್ಕ ವಿಷಯ, ಆದರೆ ಇಂಥ ನಾಲ್ಕು ಚಿಕ್ಕ ವಿಷಯ ಸೇರಿದರೆ ದಣಿದ ಹೆಂಗಸೊಬ್ಬಳು ಈ ವರ್ಷ ಬೇಡ ಎನ್ನುವುದಕ್ಕೆ ಸಾಕು.

ರಜೆಯ ಪಂಚಾಂಗ

ಆಶ್ವಯುಜ ಹುಣ್ಣಿಮೆಯಂದೇ ವಾಲ್ಮೀಕಿ ಜಯಂತಿ, ಕರ್ನಾಟಕ ಸರ್ಕಾರದ ಸಾರ್ವತ್ರಿಕ ರಜೆ. ಹಾಗಾಗಿ ಶಾಲಾ ಶಿಕ್ಷಕರು, ಸರ್ಕಾರಿ ನೌಕರರು ಇರುವ ಮನೆಗಳಿಗೆ ಭೂಮಿ ಹುಣ್ಣಿಮೆ ಬೆಳಿಗ್ಗೆ ರಜೆ ಕೇಳದೆಯೇ ಸಿಗುತ್ತದೆ. ಖಾಸಗಿ ಕಂಪನಿಗಳಲ್ಲಿ ಆ ರಜೆ ಸಾಮಾನ್ಯವಾಗಿ ಇಲ್ಲ. ಒಂದೇ ಊರಿನ, ಒಂದೇ ಜಾತಿಯ ಎರಡು ಮನೆಗಳ ನಡುವೆ ಈ ಒಂದು ಅಂತರವೇ ಯಾರ ಬುಟ್ಟಿ ಏಳುತ್ತದೆ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸುತ್ತದೆ.

ವಾರದ ಲೆಕ್ಕವೂ ಉಂಟು. 2023ರಲ್ಲಿ ಹುಣ್ಣಿಮೆ ಅಕ್ಟೋಬರ್ 28, ಶನಿವಾರ. ಕಿರಿಮಗ ಶುಕ್ರವಾರ ಬೆಳಿಗ್ಗೆಯೇ ಹೊರಟರೆ ಸಾಕಿತ್ತು, ರಾತ್ರಿಯ ಅಡುಗೆಗೆ ಕಿರಿಸೊಸೆಯ ಕೈಯೂ ಸೇರಿತು. 2024ರಲ್ಲಿ ಅದು ಗುರುವಾರ. ಬುಧವಾರ ಹಗಲು ಪ್ರಯಾಣ, ರಾತ್ರಿ ಅಡುಗೆ, ಗುರುವಾರ ಹಬ್ಬ, ಶುಕ್ರವಾರ ವಾಪಸ್: ಮೂರು ದಿನದ ರಜೆ. ವಿಜಯದಶಮಿ ಅಕ್ಟೋಬರ್ 12ಕ್ಕೆ ಆಗಿತ್ತು, ಅದಕ್ಕೆ ಬಂದುಹೋದವರು ಐದೇ ದಿನಕ್ಕೆ ಮತ್ತೆ ಬರುವುದು ಕಷ್ಟ. ದೀಪಾವಳಿ ತಿಂಗಳ ಕೊನೆಗೇ ಇತ್ತು. ಮೂರರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಬಿಟ್ಟದ್ದು ಕಂಪನಿಯ ಕ್ಯಾಲೆಂಡರ್‌ನಲ್ಲಿ ಹೆಸರೇ ಇಲ್ಲದ ಹಬ್ಬವನ್ನು. ಮಲೆನಾಡಿನ ಸಣ್ಣಪುಟ್ಟ ಸಮುದಾಯಗಳ ಹಬ್ಬಗಳೆಲ್ಲ ಈ ಸಾಲಿನಲ್ಲೇ ನಿಲ್ಲುತ್ತವೆ. ನಾಡಿಗೆಲ್ಲ ಗೊತ್ತಿರುವ ಹಬ್ಬಕ್ಕೆ ರಜೆ ಕೇಳುವುದು ಸುಲಭ. ಗದ್ದೆಗೆ ಸೀಮಂತ ಮಾಡಬೇಕು ಎಂದು ಮ್ಯಾನೇಜರ್‌ಗೆ ಹೇಳುವುದು ಅಷ್ಟು ಸುಲಭವಲ್ಲ.

ಮನೆಯಿಂದ ಹೊರಗೆ ಹೋದ ಭಕ್ತಿ

ಇದೇ ಕಾಲದಲ್ಲಿ ಸಿಗಂದೂರಿಗೆ ಹೋಗುವುದು ಹೆಚ್ಚಾದದ್ದು ಯಾಕೆ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ಮುಳುಗಿದ ಮೇಲೆ ಹಿನ್ನೀರಿನಾಚೆಯ ಊರುಗಳಿಗೆ ಲಾಂಚೇ ಗತಿಯಾಗಿತ್ತು. ಹಿನ್ನೀರಿನ ದಡದ ಸಿಗಂದೂರಿನ ಚೌಡೇಶ್ವರಿ ಕಳ್ಳತನದಿಂದ ಕಾಯುವ ದೇವಿ ಎಂದು ಹೆಸರಾಗಿ, ಮಲೆನಾಡಿನ ತೋಟ, ಮನೆ, ಪಂಪ್‌ಸೆಟ್‌ಗಳ ಬಳಿ ದೇವಿಯ ಕಾವಲಿದೆ ಎಂಬ ಬೋರ್ಡು ಕಾಣುವುದು ಮಾಮೂಲಾಯಿತು. ಗಮನಿಸಬೇಕಾದ್ದು: ಅಡಿಕೆ ಬಂದಲ್ಲಿ ಆ ಬೋರ್ಡೂ ಬಂತು. ಗದ್ದೆಯಿಂದ ತೆನೆ ಕದಿಯುವವರಿಗಿಂತ ಅಂಗಳದಿಂದ ಒಣಗಿದ ಅಡಿಕೆ ಕದಿಯುವವರ ಹೆದರಿಕೆ ದೊಡ್ಡದು. ಭತ್ತಕ್ಕೆ ಬೇಕಾದದ್ದು ಬಯಕೆ ತೀರಿಸುವ ಪೂಜೆ. ಅಡಿಕೆಗೆ ಬೇಕಾದದ್ದು ಕಾವಲು. ಈ ಮನೆಯ ತೋಟದ ಗೇಟಿನಲ್ಲೂ ಬೋರ್ಡಿದೆ.

ಹೆಂಗಸರ ಮಟ್ಟಿಗೆ ಇನ್ನೊಂದು ಕಾರಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಗಂಡನ ಹತ್ತಿರ, ಮಗನ ಹತ್ತಿರ ದುಡ್ಡು ಕೇಳದೆ ಧರ್ಮಸ್ಥಳಕ್ಕೆ ಹೋಗಿಬರಬಹುದು ಎಂಬುದು ಹಿರಿಸೊಸೆಯ ವಯಸ್ಸಿನವರಿಗೆ ಸಣ್ಣ ಸ್ವಾತಂತ್ರ್ಯವಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ ಇರುವ ದಾರಿಗಳಲ್ಲಿ ಈ ಅನುಕೂಲ ಅಷ್ಟಾಗಿ ಸಿಗದು. ಹಾಗಾಗಿ ಊರಿಂದ ಊರಿಗೆ ಫಲ ಬೇರೆ. 2025ರ ಜುಲೈ 14ರಂದು ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದೂ ತಪ್ಪಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭೂಮಿ ಹುಣ್ಣಿಮೆಯಲ್ಲಿ ಹಿರಿಸೊಸೆಗೆ ಸಿಗುವುದು ನಾಲ್ಕೈದು ದಿನದ ದುಡಿಮೆ, ಒಂದು ನಿದ್ದೆಗೆಟ್ಟ ರಾತ್ರಿ. ಸಿಗಂದೂರಿನಲ್ಲಿ ಸಿಗುವುದು ಒಂದು ದಿನ ಒಲೆಯಿಂದ ಬಿಡುವು, ಜೊತೆಗಾರ್ತಿಯರ ಮಾತು, ಯಾರೋ ಬಡಿಸುವ ಊಟ. ಅವರು ದೇವರನ್ನು ಬದಲಾಯಿಸಿಕೊಂಡರು ಎನ್ನುವುದು ಸರಿಯಲ್ಲ. ದಣಿವಿಲ್ಲದೆ ಕೈಮುಗಿಯಲು ಜಾಗ ಸಿಕ್ಕ ಕಡೆ ಹೋದರು.

ಸತ್ಯನಾರಾಯಣ ಕಥೆಯ ಲೆಕ್ಕ ಬೇರೆ. ಅದರಲ್ಲಿ ಮಾನದ ಪ್ರಶ್ನೆ ಇದೆ. ಕೆಳಗಿನವರೆಂದು ಎಣಿಸಲ್ಪಟ್ಟ ಸಮುದಾಯಗಳು ಮೇಲಿನವರ ಆಚರಣೆಗಳನ್ನು ತಮ್ಮದಾಗಿಸಿಕೊಳ್ಳುವುದನ್ನು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಎಂದು ಕರೆದರು. ಒಂದು ಕಾಲಕ್ಕೆ ಒಡೆಯರ ಮನೆಯಲ್ಲಿ ನಡೆಯುತ್ತಿದ್ದ ಕಥೆ ಈಗ ತಮ್ಮ ಹಾಲ್‌ನಲ್ಲಿ ನಡೆಯುತ್ತದೆ ಎಂಬುದರ ಹಿಂದೆ ಮೂರು ತಲೆಮಾರಿನ ನೆನಪಿದೆ. ಅದನ್ನು ಅನುಕರಣೆ ಎಂದು ತಳ್ಳಿಹಾಕುವವರಿಗೆ ಆ ನೆನಪಿನ ಭಾರ ತಿಳಿಯದು.

ತಪ್ಪು ಕಾಣಿಕೆ

ಬುಟ್ಟಿ ಏಳದ ವರ್ಷದ ಕೊನೆಗೆ ತೋಟದಲ್ಲಿ ಎಲೆಚುಕ್ಕಿ ರೋಗ ಕಾಣಿಸಿತು. ಅದು ಶಿಲೀಂಧ್ರದ ರೋಗ, ಆ ವರ್ಷಗಳಲ್ಲಿ ಮಲೆನಾಡಿನಲ್ಲೆಲ್ಲ ಹಬ್ಬಿದ್ದದ್ದು. ಹಬ್ಬ ಮಾಡಿದವರ ತೋಟವನ್ನೂ ಬಿಟ್ಟಿರಲಿಲ್ಲ. ಆದರೂ ಮನೆಯಲ್ಲಿ ಮಾತು ಬಂದೇಬಂತು. ಹಿರಿಯಮ್ಮ ತಪ್ಪು ಕಾಣಿಕೆ ಎಂದು ಹನ್ನೊಂದು ರೂಪಾಯಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ಕಿರಿಮಗ ಔಷಧಿ ಹೊಡೆಸಲು ದುಡ್ಡು ಕಳಿಸಿದ. ಒಬ್ಬರು ಇನ್ನೊಬ್ಬರನ್ನು ತಡೆಯಲಿಲ್ಲ.

ಕುತೂಹಲದ ಸಂಗತಿಯೆಂದರೆ ಹೆದರಿಕೆಯ ಹೊರೆ ಬಿದ್ದದ್ದು ಯಾರ ಮೇಲೆ ಎಂಬುದು. ಗದ್ದೆಯನ್ನು ತೋಟ ಮಾಡಿದ ಗಂಡಸರ ಮೇಲಲ್ಲ, ರಜೆ ಕೊಡದ ಕಂಪನಿಯ ಮೇಲಲ್ಲ. ಆ ದಿನ ಮುಟ್ಟಾದ ಹಿರಿಸೊಸೆಯ ಮೇಲೆ. ಬಾಯಿಬಿಟ್ಟು ಹೇಳಿದವರಿಲ್ಲ, ಆದರೆ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಇದು ಅನ್ಯಾಯ, ಹಾಗೆಂದು ನೇರವಾಗಿಯೇ ಹೇಳಬೇಕು. ಆಚರಣೆ ನಿಂತಾಗ ಕಾರಣಗಳೆಲ್ಲ ಕಣ್ಣಿಗೆ ಕಾಣುವುದಿಲ್ಲ. ಕೊನೆಯದಾಗಿ ಕೈ ಬಿಟ್ಟವರು ಮಾತ್ರ ಕಾಣುತ್ತಾರೆ. ಅವರು ಹೆಚ್ಚಿನ ಪಾಲು ಹೆಂಗಸರೇ ಆಗಿರುತ್ತಾರೆ.

2025: ಹೇಗೆ ಎದ್ದಿತು

ಈ ಸಲ ವಾರ ಅನುಕೂಲವಾಗಿರಲಿಲ್ಲ, ಮಂಗಳವಾರ. ಆದರೆ ಆಯುಧಪೂಜೆ ಅಕ್ಟೋಬರ್ 1, ವಿಜಯದಶಮಿ 2. ಶುಕ್ರವಾರ, ಸೋಮವಾರ, ಮಂಗಳವಾರ ಮೂರು ದಿನ ರಜೆ ಹಾಕಿದರೆ ಒಂದೇ ಪ್ರಯಾಣದಲ್ಲಿ ಎರಡೂ ಹಬ್ಬ. ಕಿರಿಮಗ, ಕಿರಿಸೊಸೆ ಹಾಗೆ ಮಾಡಿದರು. ದಸರೆಗೇ ಬಂದು ನಿಂತದ್ದರಿಂದ ಬುಟ್ಟಿ ಬಳಿಯುವ ಕೆಲಸಕ್ಕೂ ಜನ ಸಿಕ್ಕರು.

ಕಿರಿಸೊಸೆ ಹಾವೇರಿ ಜಿಲ್ಲೆಯ ಕಡೆಯವರು. ಅವರ ತವರಿನಲ್ಲಿ ಇದೇ ದಿನ ಸೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬುತ್ತಿ ಉಣ್ಣುವುದು. ಬುಟ್ಟಿ, ಚಿತ್ತಾರ ಅವರಿಗೆ ಹೊಸದು. ಬೆಳೆಗೆ ಉಣಿಸುವುದು ಹೊಸದಲ್ಲ. ಹೊರಗಿನ ಸೊಸೆಯಿಂದ ಹಬ್ಬ ಕೆಡುತ್ತದೆ ಎಂಬ ಮಾತು ಇಲ್ಲಿ ಉಲ್ಟಾ ಆಯಿತು.

ಬುಟ್ಟಿಯ ವಿಷಯದಲ್ಲಿ ಒಂದು ತಿಕ್ಕಾಟ. ಮೊಮ್ಮಗಳು ಚಿತ್ತಾರ ಬಲ್ಲವಳು, ಆದರೆ ಕ್ಯಾನ್ವಾಸಿನ ಮೇಲೆ, ಅಕ್ರಿಲಿಕ್ ಬಣ್ಣದಲ್ಲಿ ಕಲಿತದ್ದು. ಈಗ ಚಿತ್ತಾರ ಮೇಳಗಳಲ್ಲಿ ಮಾರಾಟವಾಗುವ ಕಲೆ. ಬುಟ್ಟಿಗೂ ಅದೇ ಬಣ್ಣ ಹಾಕಿದರೆ ವರ್ಷಗಟ್ಟಲೆ ಇರುತ್ತದೆ, ಪ್ರತಿ ಸಲ ಬಳಿಯಬೇಕಿಲ್ಲ ಎಂದಳು. ಹಿರಿಯಮ್ಮ ಒಪ್ಪಲಿಲ್ಲ. ಎಡೆ ಹೋಗುವ ಬುಟ್ಟಿಗೆ ಅಂಗಡಿಯ ಬಣ್ಣ ಬೇಡ, ಪ್ರತಿ ವರ್ಷ ಹೊಸದಾಗಿ ಬಳಿಯುವುದೂ ಪೂಜೆಯೇ ಎಂಬುದು ಅವರ ಪಟ್ಟು. ಕೊನೆಗೆ ಕೆಮ್ಮಣ್ಣು, ಅಕ್ಕಿ ಹಿಟ್ಟೇ ಗೆದ್ದವು, ಆದರೆ ಕುಂಚ ಮಾತ್ರ ಅಂಗಡಿಯದು. ಸೆಗಣಿ ಪಕ್ಕದ ಮನೆಯಿಂದ ಬಂತು. ಮಳೆ ಬಂದು ಎರಡನೇ ದಿನ ಒಣಗದಾಗ ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಬೆಚ್ಚಗೆ ಇಟ್ಟರು. ಬೆಂಕಿಗೆ ತೀರ ಹತ್ತಿರವಾಗಿ ಚಿಕ್ಕ ಬುಟ್ಟಿಯ ಒಂದು ಬದಿಯ ಕೆಮ್ಮಣ್ಣು ಸಿಡಿಯಿತು, ಅಲ್ಲಿ ಮತ್ತೆ ಬಳಿದರು.

ಅಡುಗೆಗೆ ಪಾಲಾಗಿ ಹೋದ ಚಿಕ್ಕಪ್ಪನ ಮನೆಯವರ ಜೊತೆ ಕೂಡು ಮಾಡಿಕೊಂಡದ್ದು ದೊಡ್ಡ ಬದಲಾವಣೆ. ಎರಡು ಮನೆ, ಒಂದು ಒಲೆ, ಎರಡು ಜೊತೆ ಬುಟ್ಟಿ. ಇದಕ್ಕೆ ಮುಂಚೆ ಮಾತು ಆಡಿ ಮುಗಿಸಿಕೊಂಡ ವಿಷಯಗಳು: ಅಕ್ಕಿ, ಕಾಯಿ, ಬೆಲ್ಲ ಸಮಪಾಲು, ಮೊದಲು ಯಾರ ಗದ್ದೆ, ಒಬ್ಬರು ಮುಟ್ಟಾದರೆ ಇನ್ನೊಂದು ಮನೆಯವರು ಎರಡೂ ಮನೆಯ ಬುಟ್ಟಿ ತುಂಬುವುದು. ಪಾಲಿನ ಹೊತ್ತಿನ ಹಳೆಯ ಮುನಿಸು ಇದ್ದರೂ ಈ ಮೂರು ಸ್ಪಷ್ಟವಾಗಿದ್ದರಿಂದ ರಾತ್ರಿ ಜಗಳ ಬರಲಿಲ್ಲ. ಕಡುಬಿನ ಬಗೆ ಎರಡರಿಂದ ಒಂದಕ್ಕೆ ಇಳಿಯಿತು, ರುಬ್ಬಲು ಗ್ರೈಂಡರ್, ಸೊಪ್ಪು ಹದಿನಾಲ್ಕು ಬಗೆ. ಹಿರಿಯಮ್ಮ ಕುರ್ಚಿಯಲ್ಲಿ ಕೂತು ಸೊಪ್ಪಿನ ಹೆಸರು ಹೇಳಿದರು, ಮೊಮ್ಮಗಳು ಮೊಬೈಲಿನಲ್ಲಿ ಒಂದೊಂದರ ಎಲೆ, ಹೂವು, ಸಿಕ್ಕ ಜಾಗದ ಫೋಟೋ ತೆಗೆದಳು. ಬರೀ ಎಲೆಯ ಫೋಟೋದಿಂದ ಮುಂದಿನ ವರ್ಷ ಗುರುತು ಹಿಡಿಯಲಾಗದು, ಜಾಗವೂ ಬೇಕು. ಇದು ಬೇರೆ ಮನೆಗಳವರಿಗೂ ಉಪಯೋಗಕ್ಕೆ ಬರುವ ಸಂಗತಿ.

ಜಾವದಲ್ಲಿ ಹತ್ತು ಗುಂಟೆ ಗದ್ದೆಗೆ ಹೋದವರಲ್ಲಿ ಈ ಸಲ ಹೆಂಗಸರೂ ಇದ್ದರು. ಕೆಲವು ಮನೆಗಳಲ್ಲಿ ಮೊದಲಿಂದಲೂ ಹೋಗುತ್ತಾರೆ. ಈ ಮನೆಯಲ್ಲಿ ಬೆಳಗಾದ ಮೇಲೆ ಊಟಕ್ಕೆ ಹೋಗುವ ವಾಡಿಕೆ. ಅಡುಗೆ ಮಾಡಿದವರು ಪೂಜೆಯನ್ನೂ ನೋಡಲಿ ಎಂದು ಹೇಳಿದ್ದು ಹಿರಿಯಮ್ಮನೇ.

ಹೊಂದದ ಎರಡು ಮನೆ

ಈ ವಿವರಣೆಗೆ ಜಗ್ಗದ ಉದಾಹರಣೆಗಳೂ ಇವೆ, ಮುಚ್ಚಿಡಬಾರದು. ಅದೇ ಊರಿನಲ್ಲಿ ಸರ್ಕಾರಿ ನೌಕರರಿರುವ, ನಾಲ್ವರು ಹೆಂಗಸರಿರುವ, ಒಂದು ಎಕರೆ ಗದ್ದೆಯಿರುವ ಮನೆಯೊಂದು ಹಬ್ಬ ಬಿಟ್ಟಿದೆ. ಕೈ, ನೆಲ, ರಜೆ ಎಲ್ಲ ಇದ್ದೂ ಬಿಟ್ಟರೆಂದರೆ ಅಲ್ಲಿ ಮನಸ್ಸು ಬೇರೆಡೆಗೆ ಹೋಗಿದೆ ಎನ್ನಬೇಕಷ್ಟೆ. ಎಲ್ಲವನ್ನೂ ಅನುಕೂಲದ ಲೆಕ್ಕಕ್ಕೆ ಇಳಿಸಲಾಗದು.

ಇನ್ನೊಂದು, ಶರಾವತಿ ಮುಳುಗಡೆಯಿಂದ ಎತ್ತಂಗಡಿಯಾಗಿ ಬಂದ ಮನೆ. ಅರಣ್ಯದ ಅಂಚಿನ ಜಮೀನಿಗೆ ಹಕ್ಕುಪತ್ರ ಇಂದಿಗೂ ಇಲ್ಲ. ಮನೆಯಲ್ಲಿ ಇರುವವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಅವರ ಬುಟ್ಟಿ ಒಂದು ವರ್ಷವೂ ತಪ್ಪಿಲ್ಲ. ಕಡುಬು ನಾಲ್ಕೇ, ಸೊಪ್ಪು ಏಳೆಂಟು, ಚಿತ್ತಾರ ನಾಲ್ಕು ಗೆರೆ, ಆದರೆ ಹೋಗುತ್ತದೆ. ಹಳೆಯ ಊರಿನ ದೇವರ ಬನ ನೀರಿನಡಿಗೆ ಹೋಯಿತು, ಅದನ್ನು ಹೊತ್ತು ತರಲಾಗಲಿಲ್ಲ. ಹೊತ್ತು ತರಲು ಆದದ್ದು ಬುಟ್ಟಿ ಒಂದೇ. ಕಾಗದದ ಮೇಲೆ ಹೆಸರಿಲ್ಲದ ನೆಲಕ್ಕೆ ವರ್ಷಕ್ಕೊಮ್ಮೆ ಬಯಕೆ ಉಣಿಸುವುದು ಅವರಿಗೆ ನೆಲ ತಮ್ಮದು ಎಂದು ಹೇಳಿಕೊಳ್ಳಲು ಇರುವ ಒಂದೇ ದಾರಿ. ಅಭಾವ ಆಚರಣೆಯನ್ನು ನಿಲ್ಲಿಸುತ್ತದೆ ಎಂಬುದು ಹಿರಿಮನೆಯಲ್ಲಿ ನಿಜ, ಇಲ್ಲಿ ನಿಜವಲ್ಲ.

ಹಿರಿಮನೆಯಲ್ಲಿ ಈಗ ಉಳಿದಿರುವ ಪ್ರಶ್ನೆ ಹತ್ತು ಗುಂಟೆಯದು. ಹಿರಿಮಗನಿಗೆ ಅದಕ್ಕೂ ಮಣ್ಣು ಏರಿಸಿ ಅಡಿಕೆ ಹಾಕುವ ಆಲೋಚನೆ, ಕಿರಿಮಗನಿಗೆ ಬೇಡ. 2026ರಲ್ಲಿ ಹುಣ್ಣಿಮೆ ಅಕ್ಟೋಬರ್ 26, ಸೋಮವಾರ. ಅಡುಗೆಯ ರಾತ್ರಿ ಭಾನುವಾರ. ಶನಿವಾರ ಬಂದವರು ಎರಡು ದಿನದ ರಜೆಯಲ್ಲಿ ಹಬ್ಬ ಮುಗಿಸಿ ಹೋಗಬಹುದು. ಚಿಕ್ಕಪ್ಪನ ಮನೆಯವರ ಜೊತೆ ಕೂಡು ಮುಂದುವರಿಯುವುದೆಂದು ಮಾತಾಗಿದೆ. ಮೊದಲು ಯಾರ ಗದ್ದೆ ಎಂಬ ಸರದಿ ಈ ಸಲ ಅವರದ್ದು.